ಬೈಬಲ್ಲಿನಲ್ಲೇ ಗುಲಾಮರ ಮಾತು ಬರುತ್ತದೆ. ಹಾಗಿದ್ದೂ ಅಮೆರಿಕದ ಕ್ರೈಸ್ತರು ಗುಲಾಮಗಿರಿಯನ್ನು ಧರ್ಮದ ಹೆಸರಿನಲ್ಲೇ ಹೇಗೆ ವಿರೋಧಿಸಿದರು?

ಒಡೆಯರ ಕೈಯಲ್ಲೂ ಬೈಬಲ್ ಇತ್ತು, ನಿಜ. 'ದಾಸರೇ, ಯಜಮಾನರಿಗೆ ವಿಧೇಯರಾಗಿರಿ' ಎಂಬ, ಆರಂಭದ ಕ್ರೈಸ್ತ ಪ್ರಚಾರಕ ಪೌಲನ ಮಾತನ್ನೇ ಅವರು ಮತ್ತೆ ಮತ್ತೆ ತೋರಿಸುತ್ತಿದ್ದರು. ವಿರೋಧಿಗಳು ಬೇರೆ ಪುಟ ತೆರೆದರು. ಮನುಷ್ಯನನ್ನು ಕದ್ದು ಮಾರುವವನಿಗೆ ಬೈಬಲ್ಲಿನ ವಿಮೋಚನಕಾಂಡದಲ್ಲಿ ಮರಣದಂಡನೆ ಇದೆ. ಆಫ್ರಿಕಾದಿಂದ ಹಿಡಿದು ತಂದದ್ದು ಕಳ್ಳತನವಲ್ಲದೆ ಇನ್ನೇನು?

1688ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ನಾಲ್ವರು ಗುಲಾಮಗಿರಿಯ ವಿರುದ್ಧ ಒಂದು ಮನವಿಗೆ ಸಹಿ ಹಾಕಿದರು. ನಿಮಗೆ ಬೇರೆಯವರು ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ಅವರಿಗೂ ಮಾಡಿ ಎಂಬುದಲ್ವಾ ನಮ್ಮ ಧರ್ಮ, ಕದ್ದವನಿಗೂ ಕೊಂಡವನಿಗೂ ಏನು ವ್ಯತ್ಯಾಸ ಎಂದು ಕೇಳಿದರು. ಕ್ವೇಕರ್ ಎಂಬ ಕ್ರೈಸ್ತ ಪಂಥದ ಸಭೆ ಅದನ್ನು ಸುಮ್ನೆ ಬದಿಗಿಟ್ಟಿತು. ಅಲ್ಲಿನ ಕ್ವೇಕರರು ಗುಲಾಮರನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿದ್ದು 1776ರಲ್ಲಿ!

ಅದೇ ವರ್ಷದ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಹಕ್ಕುಗಳು ಸೃಷ್ಟಿಕರ್ತ ಕೊಟ್ಟವು ಎಂದಿತು. ಅಂದರೆ ಸರ್ಕಾರ ಕೊಟ್ಟದ್ದಲ್ಲ, ಹುಟ್ಟಿನಿಂದಲೇ ಬಂದದ್ದು. ಬರೆದ ಜೆಫರ್ಸನ್ನೇ ಗುಲಾಮರ ಒಡೆಯ. ಆದರೂ ಆ ವಾಕ್ಯ ವಿರೋಧಿಗಳ ಕೈಗೆ ಒಳ್ಳೆಯ ಆಯುಧವಾಯಿತು.

ನನಗೆ ಜಾಸ್ತಿ ಹಿಡಿಸುವುದು ಫ್ರೆಡರಿಕ್ ಡಗ್ಲಸ್ ವಾದ. ಅವರೇ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಗುಲಾಮ ಮನುಷ್ಯನೇ ಎಂದು ನಾನು ಸಾಬೀತು ಮಾಡಬೇಕೇ ಎಂದು 1852ರ ಭಾಷಣದಲ್ಲಿ ಕೇಳಿದರು. ಅವರ ವಾದ ಇದು: ಗುಲಾಮರಿಗೆ ಓದು ಬರಹ ಕಲಿಸಿದರೆ ದಂಡ ಹಾಕುವ ಕಾನೂನು ದಕ್ಷಿಣದ ರಾಜ್ಯಗಳಲ್ಲಿತ್ತು. ದನಕರುಗಳಿಗೆ ಓದು ಕಲಿಸಬೇಡಿ ಎಂದು ಯಾರಾದರೂ ಕಾನೂನು ಮಾಡುತ್ತಾರಾ?