ಮನೆಯ ವೆಬ್ ಸರ್ವರ್ ಹೊರಗಿನಿಂದ ತೆರೆಯದಿದ್ದರೆ

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ನಡೆಸುತ್ತಿದ್ದೇನೆ. ಮನೆಯೊಳಗೆ 192.168.1.50 ಎಂದು ಕೊಟ್ಟರೆ ಪುಟ ಬರುತ್ತದೆ. ರೂಟರಿನಲ್ಲಿ 80ನೇ ಪೋರ್ಟನ್ನು ಅದೇ ವಿಳಾಸಕ್ಕೆ ಫಾರ್ವರ್ಡ್ ಮಾಡಿದ್ದೇನೆ. ಆದರೂ ಹೊರಗಿನಿಂದ ತೆರೆಯುವುದಿಲ್ಲ. ಪೋರ್ಟ್ ಪರೀಕ್ಷಿಸುವ ಜಾಲತಾಣ ‘ಕ್ಲೋಸ್ಡ್’ ಎನ್ನುತ್ತದೆ. ಫಾರ್ವರ್ಡ್ ರೂಲ್ ಅಳಿಸಿ ಮತ್ತೆ ಬರೆದರೂ ಅದೇ ಕಥೆ.

ಉತ್ತರ: ಸದ್ಯಕ್ಕೆ ರೂಲನ್ನು ಮುಟ್ಟಬೇಡಿ. ಹೊರಗಿನ ಪ್ಯಾಕೆಟ್ (ಜಾಲದಲ್ಲಿ ಸಾಗುವ ದತ್ತಾಂಶದ ತುಣುಕು) ಎಲ್ಲಿಯ ತನಕ ಬಂದು ನಿಂತಿದೆ ಎಂದು ತಿಳಿಯದೆ ಸೆಟ್ಟಿಂಗ್ ಬದಲಿಸುತ್ತ ಹೋದರೆ ಸರಿಯಿದ್ದದ್ದೂ ಕೆಡುತ್ತದೆ.

ಮೊದಲು ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಹೊರಗಿನ ಜಾಲದ ಕಡೆಗೆ ರೂಟರಿಗಿರುವ ವಿಳಾಸ, ನೋಡಿ. ನಿಮ್ಮ ಐಪಿ ತೋರಿಸುವ ಯಾವುದಾದರೂ ಜಾಲತಾಣ ಹೇಳುವ ವಿಳಾಸವೂ ಅದೂ ಒಂದೇ ಆಗಿರಬೇಕು. ಬೇರೆಯಿದ್ದು, ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಬಂದರೆ ನೀವಿರುವುದು ಸಿಜಿನ್ಯಾಟ್ ಹಿಂದೆ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಇಂಟರ್ನೆಟ್ ಕಂಪನಿ ಹಲವು ಗ್ರಾಹಕರಿಗೆ ಹಂಚಿರುತ್ತದೆ; ನಿಮ್ಮ ರೂಲ್ ಎಷ್ಟೇ ಸರಿಯಿರಲಿ, ಪ್ಯಾಕೆಟ್ ರೂಟರಿನ ಬಾಗಿಲಿಗೇ ಬರುವುದಿಲ್ಲ. ವ್ಯಾನ್ ಐಪಿ 192.168ರಿಂದ ಶುರುವಾದರೆ ಮುಂದೆ ಇನ್ನೊಂದು ರೂಟರ್ ಇದೆ ಎಂದರ್ಥ, ಹೆಚ್ಚಾಗಿ ಕಂಪನಿಯವರೇ ಕೊಟ್ಟ ಫೈಬರ್ ಒಎನ್‌ಟಿ (ಫೈಬರ್ ಕೇಬಲ್ ಬಂದು ಸೇರುವ ಪೆಟ್ಟಿಗೆ). ಅದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ ಸ್ಥಿತಿಗೆ) ಹಾಕಿಸಿ, ಇಲ್ಲವೇ ಅದರಲ್ಲೂ 80ನೇ ಪೋರ್ಟನ್ನು ನಿಮ್ಮ ರೂಟರಿನ ವ್ಯಾನ್ ವಿಳಾಸಕ್ಕೆ ಫಾರ್ವರ್ಡ್ ಮಾಡಿ. 10ರಿಂದ ಶುರುವಾಗುವ ವಿಳಾಸ ಎರಡೂ ಆಗಿರಬಹುದು. ಕೆಲವು ಕಂಪನಿಗಳು ಸಿಜಿನ್ಯಾಟಿಗೂ ಅದನ್ನೇ ಬಳಸುತ್ತವೆ.

ಎರಡು ವಿಳಾಸವೂ ಒಂದೇ ಇದ್ದರೆ ಲ್ಯಾಪ್‌ಟಾಪಿನಲ್ಲಿ ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ 80ನೇ ಪೋರ್ಟಿನ ಮೇಲೆ ಕಣ್ಣಿಡಿ. ಫೋನಿನ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ನಿಮ್ಮ ಪಬ್ಲಿಕ್ ಐಪಿ ತೆರೆಯಿರಿ. ಪರದೆಯ ಮೇಲೆ ಸಾಲೇ ಬೀಳದಿದ್ದರೆ ತಪ್ಪು ರೂಟರಿನಲ್ಲಿದೆ ಅಥವಾ ಅದಕ್ಕೂ ಹಿಂದೆ. ‘ಫ್ಲ್ಯಾಗ್ಸ್’ ಪಕ್ಕದಲ್ಲಿ ಬರೀ ಎಸ್ (ಸಂಪರ್ಕದ ಕೋರಿಕೆ) ಇರುವ ಸಾಲು ಒಂದೆರಡು ಸೆಕೆಂಡಿಗೊಮ್ಮೆ ಮರುಕಳಿಸುತ್ತಿದ್ದು, ಉತ್ತರದ ಸಾಲೇ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಫೈರ್‌ವಾಲ್ ನುಂಗುತ್ತಿದೆ. ಟಿಸಿಪಿಡಂಪ್ ಫೈರ್‌ವಾಲಿಗಿಂತ ಮೊದಲೇ ಪ್ಯಾಕೆಟನ್ನು ನೋಡುತ್ತದೆ, ಅದಕ್ಕೇ ಈ ಪರೀಕ್ಷೆ ಇಷ್ಟು ಉಪಯುಕ್ತ. ಎಸ್ ಬಂದ ಕೂಡಲೇ ಆರ್ (ನಿರಾಕರಣೆ) ಹೋದರೆ ಆ ಪೋರ್ಟಿನಲ್ಲಿ ಕೇಳುವವರು ಯಾರೂ ಇಲ್ಲ. ರೂಲಿನಲ್ಲಿ ಒಳಗಿನ ಪೋರ್ಟ್ ತಪ್ಪಾಗಿ ಬರೆದಿರಬಹುದೆಂಬ ಅನುಮಾನವಿದ್ದರೆ ಪೋರ್ಟ್ ಸೋಸುವಿಕೆ ತೆಗೆದು ಫೋನಿನ ಐಪಿಯಿಂದ ಬರುವುದನ್ನೆಲ್ಲ ನೋಡಿ. ಎಸ್‌ಗೆ ಉತ್ತರವಾಗಿ ಎಸ್ ಮತ್ತು ಚುಕ್ಕೆ (ಒಪ್ಪಿಗೆ) ಹೋಗುತ್ತಿದ್ದರೂ ಸಂಪರ್ಕ ಕೂಡದಿದ್ದರೆ, ಉತ್ತರ ಬೇರೆ ದಾರಿ ಹಿಡಿದಿದೆ: ಗೇಟ್‌ವೇ ತಪ್ಪಾಗಿದೆ, ಇಲ್ಲವೇ ಸರ್ವರಿನಲ್ಲಿ ವಿಪಿಎನ್ ಓಡುತ್ತಿದೆ. ‘ಕ್ಲೋಸ್ಡ್’ ಎಂಬ ಒಂದೇ ಮಾತಿನೊಳಗೆ ಇವೆಲ್ಲ ಅಡಗಿರುತ್ತವೆ.

ಸಾಲೇ ಬೀಳದಿದ್ದಾಗ ನೋಡಬೇಕಾದ್ದು ಎರಡು. ಹೊರಗಿನ ಪೋರ್ಟ್ 8080, ಒಳಗಿನದು 80 ಎಂದು ಮಾಡಿ ನೋಡಿ. ಅದು ನಡೆದರೆ 80ನ್ನು ಇಂಟರ್ನೆಟ್ ಕಂಪನಿ ತಡೆದಿದೆ, ಅಥವಾ ರೂಟರಿನ ರಿಮೋಟ್ ಮ್ಯಾನೇಜ್‌ಮೆಂಟ್ ಅದನ್ನು ಹಿಡಿದುಕೊಂಡಿದೆ. ಎರಡನೆಯದು ಐಪಿ. 192.168.1.50 ಈಗಲೂ ಆ ಲ್ಯಾಪ್‌ಟಾಪಿನದೇ? ಅದನ್ನು ರೂಟರಿನ ಡಿಎಚ್‌ಸಿಪಿಯಲ್ಲಿ (ಐಪಿ ಹಂಚುವ ವ್ಯವಸ್ಥೆ) ಮ್ಯಾಕ್ ವಿಳಾಸಕ್ಕೆ (ಜಾಲದ ಯಂತ್ರಾಂಶದ ಗುರುತು) ಕಟ್ಟಿ ಕಾಯ್ದಿರಿಸಿ. ವೈಫೈಗೂ ಕೇಬಲ್ ಪೋರ್ಟಿಗೂ ಮ್ಯಾಕ್ ಬೇರೆ ಬೇರೆ. ವೈಫೈ ಮ್ಯಾಕ್ ಬರೆದಿಟ್ಟು ಆಮೇಲೆ ಕೇಬಲ್ ಚುಚ್ಚಿದರೆ ಐಪಿ ಬದಲಾಗಿ, ರೂಲ್ ಖಾಲಿ ವಿಳಾಸಕ್ಕೆ ಕಳಿಸುತ್ತ ಕೂರುತ್ತದೆ.

ಇನ್ನೊಂದು ಮಾತು: ಪುಟ ಬಂದದ್ದು ಅದೇ ಲ್ಯಾಪ್‌ಟಾಪಿನ ಬ್ರೌಸರಿನಲ್ಲಾದರೆ ಅದು ಪರೀಕ್ಷೆಯೇ ಅಲ್ಲ. ಮನೆಯ ಬೇರೆ ಸಾಧನದಿಂದ ನೋಡಿ.

ಪ್ರಶ್ನೆ: ಇಷ್ಟೆಲ್ಲ ಏಕೆ? ಸರ್ವರನ್ನು ಡಿಎಂಜೆಡ್‌ಗೆ (ಎಲ್ಲ ಪೋರ್ಟ್‌ಗಳನ್ನೂ ಒಂದೇ ಯಂತ್ರಕ್ಕೆ ಕಳಿಸುವ ರೂಟರಿನ ಆಯ್ಕೆ) ಹಾಕಿಬಿಟ್ಟರೆ ಆಗದೆ?

ಉತ್ತರ: ಐದು ನಿಮಿಷದ ಪರೀಕ್ಷೆಗೆ ಆಗಬಹುದು. ಡಿಎಂಜೆಡ್‌ನಲ್ಲಿ ನಡೆದರೆ ತಪ್ಪು ನಿಮ್ಮ ರೂಲಿನಲ್ಲಿದೆ. ಅಲ್ಲೂ ನಡೆಯದಿದ್ದರೆ ರೂಲನ್ನು ತಿದ್ದಿ ಪ್ರಯೋಜನವಿಲ್ಲ. ನೋಡಿದ ಕೂಡಲೇ ತೆಗೆಯಿರಿ. ಹಾಗೇ ಬಿಟ್ಟರೆ ಎಸ್‌ಎಸ್‌ಎಚ್, ಡೇಟಾಬೇಸ್, ಫೈಲ್ ಶೇರ್ ಎಲ್ಲವೂ ಜಗತ್ತಿಗೆ ತೆರೆದಿರುತ್ತವೆ.

ಪ್ರಶ್ನೆ: ಹೊರಗಿನವರಿಗೆ ನನ್ನ ಸೈಟ್ ಚೆನ್ನಾಗಿ ಕಾಣುತ್ತದೆ. ಮನೆಯಿಂದ ಅದೇ ಹೆಸರು ಕೊಟ್ಟರೆ ರೂಟರಿನ ಲಾಗಿನ್ ಪುಟ ಬರುತ್ತದೆ. ಏನು ಕೆಟ್ಟಿದೆ?

ಉತ್ತರ: ಕೆಟ್ಟಿರುವುದು ಏನೂ ಇಲ್ಲ. ಹೆಸರು ನಿಮ್ಮ ಪಬ್ಲಿಕ್ ಐಪಿಗೆ ತಿರುಗುತ್ತದೆ, ಅದು ರೂಟರಿನದೇ ವಿಳಾಸ. ಒಳಗಿನಿಂದ ಬಂದ ಪ್ಯಾಕೆಟಿಗೆ ಫಾರ್ವರ್ಡ್ ರೂಲ್ ಅನ್ವಯಿಸದ ರೂಟರ್, ತನ್ನನ್ನೇ ಕೇಳಿದರೆಂದು ಲಾಗಿನ್ ಪುಟ ಕೊಡುತ್ತದೆ. ರೂಟರಿನಲ್ಲಿ ನ್ಯಾಟ್ ಲೂಪ್‌ಬ್ಯಾಕ್ ಅಥವಾ ಹೇರ್‌ಪಿನ್ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ಹೆಸರನ್ನು ಐಪಿಗೆ ತಿರುಗಿಸುವ ಮನೆಯ ಡಿಎನ್‌ಎಸ್‌ನಲ್ಲಿ, ಅಂದರೆ ಡಿಎನ್‌ಎಸ್‌ಮಾಸ್ಕ್ ಅಥವಾ ಪೈಹೋಲ್‌ನಲ್ಲಿ, ಆ ಹೆಸರಿಗೆ ಸರ್ವರಿನ ಒಳ ಐಪಿ ಕೊಡಿ. ಇದೇ ಹೆಚ್ಚು ಚೊಕ್ಕಟ. ಹೀಗೆ ಮಾಡಿದ ಮೇಲೂ ಒಂದು ಬ್ರೌಸರಿನಲ್ಲಿ ಮಾತ್ರ ಹಳೆಯ ಪುಟವೇ ಬರುತ್ತಿದ್ದರೆ ಅದರ ‘ಸೆಕ್ಯೂರ್ ಡಿಎನ್‌ಎಸ್’ ಆನ್ ಇರುತ್ತದೆ. ಅದು ಮನೆಯ ಡಿಎನ್‌ಎಸ್ ಬಿಟ್ಟು ನೇರ ಹೊರಗೆ ಕೇಳುತ್ತದೆ.

ಪ್ರಶ್ನೆ: ನನ್ನದು ಸಿಜಿನ್ಯಾಟ್ ಎಂದು ಖಚಿತವಾಗಿದೆ. ಪಬ್ಲಿಕ್ ಐಪಿ ಕೊಡುವುದಿಲ್ಲ ಎನ್ನುತ್ತಾರೆ. ದಾರಿ ಇದೆಯೇ?

ಉತ್ತರ: ಇದೆ. ಸರ್ವರಿಗೆ 2 ಅಥವಾ 3ರಿಂದ ಶುರುವಾಗುವ ಐಪಿವಿ6 ವಿಳಾಸ ಬಂದಿದ್ದರೆ ಫಾರ್ವರ್ಡಿಂಗ್ ಬೇಕೇ ಇಲ್ಲ. ರೂಟರಿನ ಐಪಿವಿ6 ಫೈರ್‌ವಾಲಿನಲ್ಲಿ ಆ ವಿಳಾಸಕ್ಕೆ 80 ಮತ್ತು 443 ಬಿಟ್ಟರೆ ಸಾಕು. ಆಗಾಗ ಬದಲಾಗುವ ‘ಟೆಂಪರರಿ’ ವಿಳಾಸವನ್ನು ಬಿಟ್ಟು ಸ್ಥಿರವಾದದ್ದನ್ನು ಆರಿಸಿ. ಐಪಿವಿ6 ಇಲ್ಲದವರಿಗೆ ಮಾತ್ರ ನಿಮ್ಮ ಸೈಟ್ ಕಾಣುವುದಿಲ್ಲ.

ಎಲ್ಲರಿಗೂ ಕಾಣಬೇಕೆಂದರೆ ಟನೆಲ್, ಅಂದರೆ ಮನೆಯಿಂದಲೇ ಹೊರಗಿನ ಸರ್ವರಿಗೆ ತೆರೆದಿಡುವ ಸಂಪರ್ಕ. ಕ್ಲೌಡ್‌ಫ್ಲೇರ್ ಟನೆಲ್ ಸುಲಭ. ಬಾಡಿಗೆಯ ವಿಪಿಎಸ್ (ಪಬ್ಲಿಕ್ ಐಪಿ ಇರುವ ಹೊರಗಿನ ಸರ್ವರ್) ಒಂದಿದ್ದರೆ ಮನೆಯಿಂದ ಅದಕ್ಕೆ ವೈರ್‌ಗಾರ್ಡ್ ವಿಪಿಎನ್ ಹಾಕಿ, ಹೊರಗಿನ ಕೋರಿಕೆಗಳನ್ನು ಅದರ ಮೂಲಕ ಒಳಗೆ ತರಿಸಿ. ಮನೆಯ ಕಡೆಯ ಸಂರಚನೆಯಲ್ಲಿ ‘ಪರ್ಸಿಸ್ಟೆಂಟ್ ಕೀಪ್‌ಅಲೈವ್’ 25 ಸೆಕೆಂಡ್ ಎಂದು ಬರೆಯಲು ಮರೆಯಬೇಡಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಸಿಜಿನ್ಯಾಟ್ ಆ ಸಂಪರ್ಕವನ್ನು ಮರೆತುಬಿಡುತ್ತದೆ, ಹೊರಗಿನಿಂದ ಮೊದಲು ಬಂದವರಿಗೆ ಉತ್ತರ ಸಿಗುವುದಿಲ್ಲ.

80ನೇ ಪೋರ್ಟ್ ಸಿಗದವರಿಗೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟಿನಲ್ಲೂ ತೊಡಕು ಬರುತ್ತದೆ, ಏಕೆಂದರೆ ಅದರ ಎಚ್‌ಟಿಟಿಪಿ-01 ಪರಿಶೀಲನೆ 80ರಲ್ಲೇ ನಡೆಯುತ್ತದೆ, 8080 ಒಪ್ಪುವುದಿಲ್ಲ. ಡಿಎನ್‌ಎಸ್-01 ಆರಿಸಿಕೊಂಡು ಡೊಮೈನಿಗೆ ಟಿಎಕ್ಸ್‌ಟಿ ದಾಖಲೆ ಸೇರಿಸಿದರೆ ಯಾವ ಪೋರ್ಟನ್ನೂ ತೆರೆಯದೆ ಸರ್ಟಿಫಿಕೇಟ್ ಸಿಗುತ್ತದೆ.