ಹವ್ಯಾಸಕ್ಕಾಗಿ ನಡೆಸುವ ಗೇಮ್ ಸರ್ವರ್‌ಗೆ ಹಣವನ್ನೂ ಯಂತ್ರವನ್ನೂ ಎಲ್ಲಿಂದ ಹೊಂದಿಸುವುದು?

ಗದಗದಲ್ಲಿ ನಿಮ್ಮ ಗೆಳೆಯರ ಗುಂಪು ಒಂದು ಮೈನ್‌ಕ್ರಾಫ್ಟ್ ಸರ್ವರನ್ನೂ ಒಂದು ಹಳೆಯ ಕೌಂಟರ್-ಸ್ಟ್ರೈಕ್ 1.6 ಸರ್ವರನ್ನೂ ಒಬ್ಬರ ಮನೆಯ ಕಂಪ್ಯೂಟರಿನಿಂದಲೇ ನಡೆಸುತ್ತಿದೆ, ಸದಸ್ಯರು 60 ದಾಟಿದ್ದಾರೆ, ಯಂತ್ರ ತಡೆದುಕೊಳ್ಳುತ್ತಿಲ್ಲ, ಪ್ರಾಯೋಜಕರನ್ನೂ ಉಚಿತ ಸರ್ವರನ್ನೂ ಎಲ್ಲಿ ಹುಡುಕಬೇಕು ಎಂದು ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ಇಂಥದ್ದೇ ಒಂದು ಬಳಗದ ಸರ್ವರನ್ನು ನಾನು ಆರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿ ಮೊದಲ ಒಂದೂವರೆ ವರ್ಷ ಪ್ರಾಯೋಜಕರ ಬೆನ್ನು ಹತ್ತಿ ಕಳೆದೆ. ಸಿಕ್ಕಿದ್ದು ಒಂದು ಕಂಪ್ಯೂಟರ್ ಅಂಗಡಿಯ ಬ್ಯಾನರ್ ಮತ್ತು ಎರಡು ಮೌಸ್. ಆ ಬಳಿಕ ಇಂದಿನವರೆಗೆ ಸರ್ವರ್ ನಡೆದಿರುವುದು ಆಡುವವರೇ ತಿಂಗಳಿಗೊಮ್ಮೆ ಕೊಡುವ ವಂತಿಗೆಯಿಂದ. ಆದ್ದರಿಂದ ಪ್ರಾಯೋಜಕರ ವಿಷಯವನ್ನು ಕೊನೆಗೆ ಇಟ್ಟುಕೊಂಡು, ನಿಮಗೆ ನಿಜವಾಗಿ ಎಷ್ಟು ದೊಡ್ಡ ಯಂತ್ರ ಬೇಕು ಎಂಬಲ್ಲಿಂದ ಪ್ರಾರಂಭಿಸುತ್ತೇನೆ.

60 ಸದಸ್ಯರು ಎಂಬುದು ಲೆಕ್ಕಕ್ಕೆ ಬರುವ ಸಂಖ್ಯೆಯಲ್ಲ, ಭಾನುವಾರ ರಾತ್ರಿ ಒಮ್ಮೆಗೇ ಎಷ್ಟು ಜನ ಒಳಗಿರುತ್ತಾರೆ ಎಂಬುದು ಮುಖ್ಯ. ಮೈನ್‌ಕ್ರಾಫ್ಟ್ ಸರ್ವರ್ ತನ್ನ ಲೋಕವನ್ನು ಸೆಕೆಂಡಿಗೆ 20 ಸಲ ಮುಂದಕ್ಕೆ ನಡೆಸುತ್ತದೆ. ಪ್ರತಿ ಹೆಜ್ಜೆಗೆ ಅದಕ್ಕಿರುವ ಸಮಯ 50 ಮಿಲಿಸೆಕೆಂಡು. ಈ ಕೆಲಸದ ಬಹುಪಾಲು ಪ್ರೊಸೆಸರಿನ ಒಂದೇ ಕೋರಿನ (ಲೆಕ್ಕ ಮಾಡುವ ಘಟಕದ) ಮೇಲೆ ಬೀಳುವುದರಿಂದ, ಹೆಚ್ಚು ಕೋರುಗಳ ನಿಧಾನದ ಪ್ರೊಸೆಸರಿಗಿಂತ ಕಡಿಮೆ ಕೋರುಗಳ ವೇಗದ ಪ್ರೊಸೆಸರೇ ಮೇಲು. ನಮ್ಮ ಸರ್ವರ್ ಎಳೆಯತೊಡಗಿದಾಗ ಎಲ್ಲರೂ ರ್‍ಯಾಮ್ ಸಾಲದು ಎಂದರು, ನಾನೂ ನಂಬಿ 8 ಜಿಬಿಯಿಂದ 16 ಜಿಬಿಗೆ ಏರಿಸಿದೆ, ಬಾಡಿಗೆ ಏರಿತೇ ಹೊರತು ಲ್ಯಾಗ್ (ಆಟ ತಡವರಿಸುವುದು) ಇಳಿಯಲಿಲ್ಲ. ಕೊನೆಗೆ ಸ್ಪಾರ್ಕ್ ಎಂಬ ಉಚಿತ ಪ್ಲಗಿನ್ ಹಾಕಿ ನೋಡಿದರೆ, ಸಮಯದ ದೊಡ್ಡ ಪಾಲನ್ನು ನುಂಗುತ್ತಿದ್ದದ್ದು ಒಬ್ಬ ಹುಡುಗ ಸಾಕಿಕೊಂಡಿದ್ದ ನಾನೂರಕ್ಕೂ ಹೆಚ್ಚು ಕೋಳಿಗಳು. ಪ್ರತಿಯೊಂದು ಕೋಳಿ ಎತ್ತ ನಡೆಯಬೇಕು, ಪಕ್ಕದ ಯಾವ ಕೋಳಿಗೆ ತಾಗುತ್ತದೆ ಎಂಬುದನ್ನು ಸರ್ವರ್ ಸೆಕೆಂಡಿಗೆ 20 ಸಲ ಲೆಕ್ಕ ಹಾಕುತ್ತಿತ್ತು. ಎರಡು ದಿನ ಮಾತು ಬಿಟ್ಟ ಆ ಹುಡುಗ ಮೂರನೆಯ ದಿನ ಕೋಳಿಗಳನ್ನು 60ಕ್ಕೆ ಇಳಿಸಿದ. ಮೂಲ ಸರ್ವರ್ ತಂತ್ರಾಂಶದ ಬದಲು ಪೇಪರ್ ಎಂಬ ಇನ್ನೊಂದು ಸರ್ವರ್ ತಂತ್ರಾಂಶ ಬಳಸಿ, ಮೊದಲೇ 10 ಎಂದು ಬಂದಿರುವ ನೋಟದ ದೂರವನ್ನೂ (ಲೋಕ ಎಷ್ಟು ದೂರ ಕಾಣಬೇಕು) ಸಿಮ್ಯುಲೇಶನ್ ದೂರವನ್ನೂ (ಎಷ್ಟು ದೂರದವರೆಗೆ ಪ್ರಾಣಿಗಳೂ ಬೆಳೆಗಳೂ ಚಲನೆಯಲ್ಲಿರಬೇಕು) 6ಕ್ಕೆ ಇಳಿಸಿದ ಮೇಲೆ, ಮತ್ತೆ 8 ಜಿಬಿ ಯಂತ್ರಕ್ಕೇ ಮರಳಿದೆವು. ನೀವೂ ಈ ಅಳತೆಯನ್ನು ಮೊದಲು ಮಾಡಿ, ಏಕೆಂದರೆ ಎಷ್ಟು ಹಣ ಕೂಡಿಸಬೇಕೆಂಬುದು ಇದರ ಮೇಲೆಯೇ ನಿಂತಿದೆ.

ಮನೆಯ ಕಂಪ್ಯೂಟರಿನಲ್ಲೇ ಮುಂದುವರಿಯುವ ಆಸೆ ನಿಮಗಿದ್ದರೆ ಅದರ ತೊಡಕು ಯಂತ್ರದ ಶಕ್ತಿಯದಷ್ಟೇ ಅಲ್ಲ. ಈಗಿನ ಅನೇಕ ಇಂಟರ್ನೆಟ್ ಸಂಪರ್ಕಗಳಲ್ಲಿ ಹಲವು ಮನೆಗಳು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಂಚಿಕೊಂಡಿರುತ್ತವೆ. ಅಂಥಲ್ಲಿ ನಿಮ್ಮ ರೌಟರಿನಲ್ಲಿ ಮೈನ್‌ಕ್ರಾಫ್ಟ್ ಬಳಸುವ 25565 ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ ದ್ವಾರ) ತೆರೆದರೂ ಹೊರಗಿನವರು ಒಳಬರಲಾರರು. ಹೆಚ್ಚು ಹಣ ಕೊಟ್ಟು ಸ್ಥಿರ ಐಪಿ ಪಡೆಯಬೇಕಾಗುತ್ತದೆ. ನಾನು ಅದನ್ನೂ ಪಡೆದು, ಕಂಪ್ಯೂಟರಿಗೂ ರೌಟರಿಗೂ ಇನ್ವರ್ಟರ್ ಸಂಪರ್ಕ ಕೊಟ್ಟು ಜಾಣನೆನಿಸಿಕೊಂಡಿದ್ದೆ. ಮಳೆಗಾಲದ ಮೊದಲ ಗಾಳಿಗೆ ಓಣಿಯ ಕರೆಂಟು ಹೋದಾಗ ತಿಳಿದದ್ದೇನೆಂದರೆ, ಓಣಿಯ ತಿರುವಿನ ಕಂಬದ ಮೇಲಿದ್ದ ಇಂಟರ್ನೆಟ್ ಪೆಟ್ಟಿಗೆಗೆ ಯಾರೂ ಇನ್ವರ್ಟರ್ ಕೊಟ್ಟಿರಲಿಲ್ಲ.

ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಮುಂಬೈಯ ಡೇಟಾ ಸೆಂಟರನ್ನೇ ಮೊದಲು ನೋಡಿ. ನಮ್ಮ ಭಾಗಕ್ಕೆ ಅದು ಹತ್ತಿರ, ಆಯ್ಕೆಯೂ ಹೆಚ್ಚು. ಬೆಂಗಳೂರೂ ಆಗಬಹುದು. ಜರ್ಮನಿಯ ಸರ್ವರುಗಳು ಅಗ್ಗವೆಂದು ಕಂಡರೂ, ಅಷ್ಟು ದೂರ ಹೋಗಿ ಬರುವ ತಡವನ್ನು ಮನೆ ಕಟ್ಟುವ ಮೈನ್‌ಕ್ರಾಫ್ಟ್ ಸಹಿಸೀತು, ಗುಂಡು ಹಾರಿಸುವ ಕೌಂಟರ್-ಸ್ಟ್ರೈಕ್ ಸಹಿಸದು.

ಉಚಿತವಾಗಿ ಸಿಗುವುದರಲ್ಲಿ ಹೆಸರು ಮಾಡಿದ್ದು ಒರಾಕಲ್ ಕಂಪನಿಯ ಕ್ಲೌಡ್ (ಇಂಟರ್ನೆಟ್ ಮೂಲಕ ಯಂತ್ರ ಬಳಸಲು ಕೊಡುವ ಸೇವೆ) ಯೋಜನೆ. 2021ರಲ್ಲಿ ಅದು ಆರ್ಮ್ (ಇಂಟೆಲ್-ಎಎಂಡಿಗಿಂತ ಬೇರೆ ಬಗೆಯ) ಪ್ರೊಸೆಸರಿನ 4 ಕೋರ್ ಮತ್ತು 24 ಜಿಬಿ ರ್‍ಯಾಮ್‌ವರೆಗಿನ ಯಂತ್ರಗಳನ್ನು ಉಚಿತವಾಗಿ ಕೊಡುವುದಾಗಿ ಪ್ರಕಟಿಸಿತು. ಮುಂಬೈ ಮತ್ತು ಹೈದರಾಬಾದಿನಲ್ಲಿ ಅದರ ಕೇಂದ್ರಗಳಿವೆ. ಇಂದಿನ ಮಿತಿಯನ್ನು ಅವರ ಪುಟದಲ್ಲೇ ನೋಡಿಕೊಂಡು ಮುಂದುವರಿಯಿರಿ. ಖಾತೆ ತೆರೆಯುವಾಗ ಆರಿಸಿದ ಕೇಂದ್ರವನ್ನು ಆಮೇಲೆ ಬದಲಿಸಲಾಗದು, ಏಳು ದಿನ ಹೆಚ್ಚೂಕಡಿಮೆ ಸುಮ್ಮನೆ ಕುಳಿತ ಉಚಿತ ಯಂತ್ರವನ್ನು ಅವರು ಹಿಂದಕ್ಕೆ ಪಡೆಯಬಹುದು. ಇನ್ನೊಂದು ಮಾತನ್ನು ನಿಮ್ಮ ಗುಂಪಿಗೆಂದೇ ಹೇಳಬೇಕು: ಜಾವಾದಲ್ಲಿರುವ ಮೈನ್‌ಕ್ರಾಫ್ಟ್ ಸರ್ವರ್ ಆರ್ಮ್ ಮೇಲೆ ಸಲೀಸಾಗಿ ಓಡುತ್ತದೆ, ಕೌಂಟರ್-ಸ್ಟ್ರೈಕ್ 1.6ರ ಸರ್ವರ್ ಇಂಟೆಲ್-ಎಎಂಡಿ ಬಗೆಯ ಪ್ರೊಸೆಸರಿಗಾಗಿಯೇ ಇರುವುದರಿಂದ ನೇರವಾಗಿ ಓಡುವುದಿಲ್ಲ. ಅದು ಬಹಳ ಹಗುರವಾದ ಸರ್ವರ್, ಅತಿ ಚಿಕ್ಕ ಬಾಡಿಗೆ ಯಂತ್ರವೂ ಅದಕ್ಕೆ ಸಾಕು. ಗುಂಪಿನಲ್ಲಿ ಕಾಲೇಜು ವಿದ್ಯಾರ್ಥಿಗಳಿದ್ದರೆ ಮೈಕ್ರೋಸಾಫ್ಟಿನ ಕ್ಲೌಡ್ ಸೇವೆಯಾದ ಅಜೂರ್‌ನ ವಿದ್ಯಾರ್ಥಿ ಖಾತೆಯಲ್ಲಿ ಕ್ರೆಡಿಟ್ ಕಾರ್ಡ್ ಇಲ್ಲದೆಯೂ 100 ಡಾಲರುಗಳಷ್ಟು ಬಳಕೆ ಸಿಗುತ್ತದೆ. ಅದು ಕಲಿಕೆಗೆಂದು ಕೊಡುವ ಸೌಲಭ್ಯವಾದ್ದರಿಂದ ಪ್ರಯೋಗಕ್ಕಷ್ಟೇ ಇಟ್ಟುಕೊಳ್ಳಿ, ನಿತ್ಯದ ಸರ್ವರನ್ನು ಅದರ ಮೇಲೆ ಕಟ್ಟಬೇಡಿ.

ತೀರಾ ಅಗ್ಗದ ಮಾರಾಟಗಾರರ ಬಗ್ಗೆ ಎಚ್ಚರವಿರಲಿ. ಮೂರನೆಯ ವರ್ಷ ನಾವು ಅರ್ಧ ಬೆಲೆಗೆ ಸಿಕ್ಕಿತೆಂದು ಒಬ್ಬ ಮರುಮಾರಾಟಗಾರನಿಗೆ ಆರು ತಿಂಗಳ ಬಾಡಿಗೆಯನ್ನು ಮುಂಗಡ ಕೊಟ್ಟೆವು. ಎರಡನೆಯ ತಿಂಗಳು ಆತನ ಫೋನೂ ಸರ್ವರೂ ಒಂದೇ ದಿನ ಬಂದ್ ಆದವು. ಹಣಕ್ಕಿಂತ ಹೆಚ್ಚು ಸಂಕಟವಾದದ್ದು, ನಮ್ಮವರು ಏಳು ತಿಂಗಳು ಕುಳಿತು ಕಟ್ಟಿದ್ದ ಚಂದ್ರಮೌಳೇಶ್ವರ ಗುಡಿಯ ಪ್ರತಿರೂಪ ಅದರೊಂದಿಗೇ ಹೋದದ್ದು. ಅಂದಿನಿಂದ ಪ್ರತಿ ರಾತ್ರಿ ಮೂರು ಗಂಟೆಗೆ ಇಡೀ ಲೋಕದ ನಕಲು ಧಾರವಾಡದಲ್ಲಿರುವ ಗೆಳೆಯನ ಹಾರ್ಡ್ ಡಿಸ್ಕಿಗೆ ತಾನಾಗಿಯೇ ಹೋಗುತ್ತದೆ, ಬಾಡಿಗೆಯನ್ನು ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೊಡುವುದಿಲ್ಲ.

ಇನ್ನು ಹಣ. ನಮ್ಮ ಈಗಿನ ಬಾಡಿಗೆ ತಿಂಗಳಿಗೆ ₹1,400, ಅದರ ಮೇಲೆ 18% ಜಿಎಸ್‌ಟಿ ಸೇರಿ ₹1,652. ತಲಾ ₹75ರಂತೆ 28 ಜನ ಕೊಡುತ್ತಾರೆ, ₹2,100 ಆಗುತ್ತದೆ, ಉಳಿದ ₹448 ಆಪತ್ಕಾಲಕ್ಕೆ. ಈ ಪದ್ಧತಿಯನ್ನು ನಾನು ಕಲಿತದ್ದು ನಮ್ಮ ಓಣಿಯ ಗಣಪತಿ ಮಂಡಳಿಯಿಂದ. ಅಲ್ಲಿ ಪಟ್ಟಿ ಎತ್ತಿದ ಮೇಲೆ ಯಾರು ಎಷ್ಟು ಕೊಟ್ಟರು, ಪೆಂಡಾಲಿಗೆ ಎಷ್ಟು, ಪ್ರಸಾದಕ್ಕೆ ಎಷ್ಟು ಎಂಬುದನ್ನು ಹಲಗೆಯ ಮೇಲೆ ಬರೆದು ತೂಗುಹಾಕುತ್ತಾರೆ. ನಾವೂ ಎಲ್ಲ ಆಟಗಾರರಿಗೆ ಕಾಣುವ ಒಂದು ಹಾಳೆಯಲ್ಲಿ ಜಮಾ-ಖರ್ಚನ್ನು, ಬಿಲ್ಲಿನ ಚಿತ್ರದ ಸಮೇತ, ಪ್ರತಿ ತಿಂಗಳ 5ನೆಯ ತಾರೀಖಿನೊಳಗೆ ಹಾಕುತ್ತೇವೆ. ಹಾಳೆ ತೆರೆದ ಮೊದಲ ತಿಂಗಳಲ್ಲೇ ಕೊಡುವವರು 11ರಿಂದ 19ಕ್ಕೆ ಏರಿದರು. ಅದಕ್ಕೂ ಮುಂಚೆ ನಾನು ಎಷ್ಟು ಗೋಗರೆದರೂ ಏರಿರಲಿಲ್ಲ. ಕೊಡಲಾಗದ ಶಾಲಾ ಹುಡುಗರ ಹೆಸರು ಆ ಹಾಳೆಯಲ್ಲಿ ಬರುವುದಿಲ್ಲ, ಆಟದಲ್ಲಿ ಅವರಿಗೆ ಯಾವ ಭೇದವೂ ಇಲ್ಲ. ಹಣ ಕೊಟ್ಟವರಿಗೆ ಬಲವಾದ ಕತ್ತಿ, ರಕ್ಷಾಕವಚ ಕೊಡುವ ಯೋಚನೆ ಬಂದರೆ ಅಲ್ಲಿಯೇ ಕೈಬಿಡಿ: ಆಟದಲ್ಲಿ ಮೇಲುಗೈಯನ್ನು ಮಾರಬಾರದೆಂದು ಮೈನ್‌ಕ್ರಾಫ್ಟ್ ತಯಾರಕರಾದ ಮೊಯಾಂಗ್ 2014ರಲ್ಲೇ ಸ್ಪಷ್ಟಪಡಿಸಿದ್ದಾರೆ. ಬಣ್ಣದ ಹೆಸರು, ಟೊಪ್ಪಿಗೆಯಂಥ ಅಲಂಕಾರಕ್ಕೆ ಅಡ್ಡಿಯಿಲ್ಲ.

ಪ್ರವೇಶ ಶುಲ್ಕ ಇಟ್ಟು, ಗೆದ್ದವರಿಗೆ ಅದೇ ಹಣದಲ್ಲಿ ಬಹುಮಾನ ಕೊಡುವ ಪಂದ್ಯ ನಡೆಸಿ ಸರ್ವರ್ ಖರ್ಚು ಎತ್ತೋಣ ಎಂದು ನಿಮ್ಮಲ್ಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಹಣ ಗೆಲ್ಲುವ ನಿರೀಕ್ಷೆಯಿಂದ ಆಡುವ ಆನ್‌ಲೈನ್ ಆಟವನ್ನು, ಅದು ಕೌಶಲದ್ದಿರಲಿ ಅದೃಷ್ಟದ್ದಿರಲಿ, ನಿಷೇಧಿಸುತ್ತದೆ. ಇ-ಸ್ಪೋರ್ಟ್ಸ್‌ಗೆ ಅದರಲ್ಲಿ ಬೇರೆ ದಾರಿಯಿದೆ, ಆದರೆ ಮಾನ್ಯತೆ, ನೋಂದಣಿಗಳ ಆ ಗೊಡವೆ ನಮ್ಮಂಥ ಗುಂಪಿಗೆ ಬೇಡ. ಪಣವಲ್ಲದ ಚಂದಾ ಪಡೆದು ಮನರಂಜನೆಗೆ ಆಡಿಸುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ, ನಮ್ಮ ₹75 ಆ ಬಗೆಯದು.

ಕೊನೆಗೆ ಉಳಿಸಿದ ಪ್ರಾಯೋಜಕರ ವಿಷಯ. ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಸಂಘವನ್ನು ನೋಂದಾಯಿಸಬಹುದು, ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಬಹುದು. ರಸೀದಿ ಕೇಳುವ ಪ್ರಾಯೋಜಕರು ಸಿಗುವವರೆಗೆ ನಿಮ್ಮ ಗಾತ್ರದ ಗುಂಪಿಗೆ ಅದರ ಲೆಕ್ಕಪತ್ರದ ಕೆಲಸವೇ ಭಾರವಾಗುತ್ತದೆ. ಅಂಗಡಿಯವರನ್ನು ಕೇಳುವುದಾದರೆ ಹಣ ಕೇಳದೆ ವಸ್ತು ಕೇಳಿ. ₹5,000 ನಗದು ಕೊಡಲು ಹಿಂದೆಮುಂದೆ ನೋಡುವವರು ತಮ್ಮಲ್ಲೇ ಬಿದ್ದಿರುವ 1 ಟಿಬಿ ಹಾರ್ಡ್ ಡಿಸ್ಕನ್ನು ಖುಷಿಯಿಂದ ಕೊಡುತ್ತಾರೆ. ನಮ್ಮ ಧಾರವಾಡದ ಡಿಸ್ಕ್ ಬಂದದ್ದೂ ಹಾಗೆಯೇ, ಆ ಬ್ಯಾನರ್ ಕೊಟ್ಟ ಅಂಗಡಿಯಿಂದಲೇ. ಬರುವ ಭಾನುವಾರ ರಾತ್ರಿ ಒಂಬತ್ತರಿಂದ ಹತ್ತರವರೆಗೆ ಸ್ಪಾರ್ಕ್ ಓಡಿಸಿ ಅದರ ವರದಿಯನ್ನು ಇಲ್ಲಿ ಹಾಕಿ, ಎಷ್ಟು ದೊಡ್ಡ ಯಂತ್ರ ಸಾಕು ಎಂಬುದನ್ನು ನೋಡಿ ಹೇಳುತ್ತೇನೆ.