ಇಪ್ಪತ್ತರ ಬಸ್ಕಿ, ನಲವತ್ತಾರರ ಮೊಣಕಾಲು

ಪ್ರಶ್ನೆ: ಮೇಷ್ಟ್ರೇ, ನನಗೆ 46 ವರ್ಷ. ಮಂಡಿಪೇಟೆಯಲ್ಲಿ ಕಾಳಿನ ವ್ಯಾಪಾರ. 25ರವರೆಗೂ ಗರಡಿ ಮನೆಯಲ್ಲಿ ಸಾಮು ಮಾಡಿದವನು, ದುಗ್ಗಮ್ಮನ ಜಾತ್ರೆ ಕುಸ್ತಿಯಲ್ಲಿ ಎರಡು ಸಲ ಅಖಾಡಕ್ಕೆ ಇಳಿದಿದ್ದೆ. ಆಗ 70 ಕೆಜಿ ಇದ್ದೆ, ಈಗ 91. ಎತ್ತರ ಐದಡಿ ಏಳಂಗುಲ, ಹೊಟ್ಟೆ ಸುತ್ತಳತೆ 42 ಇಂಚು. ಮೂರು ತಿಂಗಳ ಸರಾಸರಿ ಶುಗರ್ 6.1 ಬಂದಿದೆ, ಮಾತ್ರೆ ಶುರುವಾಗಿಲ್ಲ. ಮೂರು ತಿಂಗಳಲ್ಲಿ ಹಳೇ ಮೈ ತರಬೇಕೆಂದು ಹಠ ಹಿಡಿದು ಒಂದೇ ದಿನ 200 ಬಸ್ಕಿ ಹೊಡೆದೆ. ಐದು ದಿನ ಮೆಟ್ಟಿಲು ಇಳಿಯಲಾಗಲಿಲ್ಲ. ದಾರಿ ಹೇಳಿ.
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಒಂದು ಮಾತು ಕೇಳುತ್ತೇನೆ. ಆ ಐದು ದಿನಗಳಲ್ಲಿ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತೇ? ರೂಢಿ ತಪ್ಪಿದ ಮೈಯಲ್ಲಿ ಒಮ್ಮೆಗೇ ನೂರಾರು ಬಸ್ಕಿ ಹೊಡೆದರೆ ಸ್ನಾಯು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದುಂಟು. ಬಣ್ಣ ಕಪ್ಪಾಗಿದ್ದರೆ, ನೋವು ಹೋಯಿತೆಂದು ಸುಮ್ಮನಾಗದೆ ವೈದ್ಯರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಹಾಗೇನೂ ಆಗಿಲ್ಲದಿದ್ದರೆ ಬಚಾವಾದಿರಿ. ಎರಡನೇ ಸಲ ಬೇಡ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಒಂದು ಕಾಲಕ್ಕೆ ಖೋ-ಖೋ ಆಡಿದವನು. 45ರಲ್ಲಿ, ವರ್ಷಗಟ್ಟಲೆ ಬರೀ ಸೀಟಿ ಊದಿಕೊಂಡಿದ್ದು, ಮಕ್ಕಳ ಜೊತೆ ಒಂದು ಆಟ ಆಡೇಬಿಡೋಣ ಅಂತ ಇಳಿದೆ. ಕಂಬದ ಹತ್ತಿರ ತಿರುಗುವಾಗ ಹಿಂದಿನಿಂದ ಯಾರೋ ಕಲ್ಲು ಬೀಸಿದ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಮೀನಖಂಡ ಹರಿದಿತ್ತು. ಎರಡು ತಿಂಗಳು ಕುಂಟಿದೆ. ಅದಕ್ಕೇ ನಿಮ್ಮ ಕಾಗದ ಓದಿದಾಗ ನನ್ನ ಕಾಲು ಜುಮ್ಮೆಂದಿತು.

ಸಾಮು ಮಾಡಿದ ಮೈಗೆ ಒಂದು ಅನುಕೂಲವಿದೆ, ಹೊಸಬರಿಗಿಂತ ಬೇಗ ಕಸುವು ಮರಳುತ್ತದೆ. ಅಪಾಯವೂ ಅಲ್ಲೇ. ಸ್ನಾಯು ಬೇಗ ಎಚ್ಚರಾಗುತ್ತದೆ, ಅದನ್ನು ಮೂಳೆಗೆ ಕಟ್ಟಿದ ನಾರು ನಿಧಾನ. ನಾಲ್ಕನೇ ವಾರಕ್ಕೆ "ಇನ್ನೂ ಹೊಡೀಬಲ್ಲೆ" ಅನ್ನಿಸುತ್ತದೆ. ಮೊಣಕಾಲು ಕೈಕೊಡುವುದು ಆಗಲೇ. ಆದ್ದರಿಂದ ಎಣಿಕೆ ಮರೆತುಬಿಡಿ. ಕುರ್ಚಿಯ ಬೆನ್ನು ಹಿಡಿದು ಅರ್ಧ ಬಸ್ಕಿ, ಹತ್ತರಂತೆ ಮೂರು ಸುತ್ತು. ದಂಡ ನೆಲದ ಮೇಲೆ ಬೇಡ. ಮೊದಲ ಹದಿನೈದು ದಿನ ಗೋಡೆಗೆ ಕೈಯೂರಿ, ಆಮೇಲೆ ಮೇಜಿನ ಅಂಚಿಗೆ, ಎರಡು ತಿಂಗಳಿಗೆ ನೆಲಕ್ಕೆ. ದಿನ ಬಿಟ್ಟು ದಿನ. ಇದಕ್ಕೂ ಮೊದಲು ಬಿ.ಪಿ. ನೋಡಿಸಿ, ಇಸಿಜಿ ಮಾಡಿಸಿ. ನಡೆಯುವಾಗ ಎದೆ ಬಿಗಿದರೆ, ನೋವು ಎಡಗೈಗೋ ದವಡೆಗೋ ಇಳಿದರೆ, ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಉಳಿದ ದಿನ ನಡಿಗೆ. ಕುಂದವಾಡ ಕೆರೆ ಏರಿ ಇರುವಾಗ ಬೇರೆ ಜಾಗ ಯಾಕೆ ಹುಡುಕಬೇಕು? ಬೆಳಗ್ಗೆ ಆರಕ್ಕೆ ಹೋದರೆ ನೀರಿನ ಮೇಲಿನ ಗಾಳಿ ಬೇಸಿಗೆಯಲ್ಲೂ ತಂಪು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ವಾರಕ್ಕೆ ಒಟ್ಟು 150 ನಿಮಿಷದಿಂದ ಶುರು ಮಾಡಿ.

ಈ 150 ಸುಮ್ಮನೆ ಹೇಳಿದ್ದಲ್ಲ. ನಿಮ್ಮಂತೆಯೇ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ವಾರಕ್ಕೆ 150 ನಿಮಿಷದ ವ್ಯಾಯಾಮ, ದೇಹತೂಕದಲ್ಲಿ ಶೇ. 7ರಷ್ಟು ಇಳಿಕೆ, ಇದೇ ಗುರಿ. ಆ ಗುಂಪಿನಲ್ಲಿ ಕಾಯಿಲೆಗೆ ತಿರುಗುವುದು ಶೇ. 58ರಷ್ಟು ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಶೇ. 31. ನಿಮ್ಮ 91ಕ್ಕೆ ಶೇ. 7 ಅಂದರೆ ಆರು ಕೆಜಿ ಚಿಲ್ಲರೆ ಅಷ್ಟೇ. ವಾರಕ್ಕೆ ಅರ್ಧ ಕೆಜಿಯಂತೆ ಇಳಿದರೆ ಸರಿಯಾಗಿ ನಿಮ್ಮ ಮೂರು ತಿಂಗಳು. 70ರ ಆಸೆಯನ್ನು ಸದ್ಯ ಪಕ್ಕಕ್ಕಿಡಿ. ತಕ್ಕಡಿಗಿಂತ ಟೇಪನ್ನು ನಂಬಿ. ನಮ್ಮವರಲ್ಲಿ ಗಂಡಸರ ಹೊಟ್ಟೆ ಸುತ್ತಳತೆ 90 ಸೆಂಟಿಮೀಟರ್ ದಾಟಬಾರದು, ನಿಮ್ಮದು 106ಕ್ಕೂ ಮೇಲೆ.

ಇನ್ನು ಊಟ. ಗರಡಿ ಬಿಟ್ಟ ಪೈಲ್ವಾನರ ಕಷ್ಟವೇನೆಂದರೆ ಸಾಮು ನಿಂತರೂ ಹಸಿವಿನ ಅಳತೆ ಹಳೆಯದೇ ಉಳಿಯುತ್ತದೆ. ಕೆರೆ ಸುತ್ತಿ ನೇರ ಬೆಣ್ಣೆ ದೋಸೆ ಹೋಟೆಲಿಗೆ ಹೋಗುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಿಮ್ಮ ತೂಕದವರು ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಕರಗುವುದು 250ರ ಆಸುಪಾಸು ಕ್ಯಾಲೊರಿ. ದೊಡ್ಡ ಚಮಚ ಬೆಣ್ಣೆ ಒಂದರಲ್ಲೇ ನೂರಿದೆ. ಒಮ್ಮೆ ಕಾವಲಿ ಮುಂದೆ ನಿಂತು, ನಿಮ್ಮ ದೋಸೆಗೆ ಎಷ್ಟು ಸಲ ಕೈ ಬೆಣ್ಣೆ ಪಾತ್ರೆಗೆ ಹೋಗುತ್ತದೆಂದು ನೋಡಿ. ದೋಸೆ ಬಿಡಿ ಅನ್ನುವುದಿಲ್ಲ. ಭಾನುವಾರಕ್ಕೆ ಇಟ್ಟುಕೊಳ್ಳಿ, ಒಂದೇ ತಿನ್ನಿ.

ಮಂಡಕ್ಕಿಯದೂ ಅಷ್ಟೇ. ಹಗುರ ಅಂತ ಸೇರುಗಟ್ಟಲೆ ತಿನ್ನುತ್ತೇವೆ, ಆದರೆ ಅದು ಅಕ್ಕಿಯೇ, ಶುಗರ್ ಬೇಗ ಏರಿಸುತ್ತದೆ. ಒಂದು ಬಟ್ಟಲಿಗೆ ಈರುಳ್ಳಿ, ಟೊಮೆಟೊ, ಸೌತೆಕಾಯಿ, ಒಂದು ಹಿಡಿ ಹುರಿದ ಶೇಂಗಾ ಹಾಕಿ ಕಲಸಿ, ಜೊತೆಗಿನ ಮಿರ್ಚಿ ಬಿಡಿ. ರಾತ್ರಿ ಅಂಗಡಿ ಮುಚ್ಚಿ ಬಂದ ಮೇಲೆ ಒಂದೇ ಮುದ್ದೆ, ಅಥವಾ ಎರಡು ರೊಟ್ಟಿ. ಅದರ ಮೇಲೆ ಮತ್ತೆ ಅನ್ನ ಬೇಡ. ಹುರುಳಿ ಸಾರೋ ಹೆಸರುಕಾಳು ಪಲ್ಯವೋ ಇದ್ದರೆ ಸೌಟು ಪಾತ್ರೆಯ ತಳದವರೆಗೂ ಹೋಗಬೇಕು. ಮೇಲಿನ ತಿಳಿ ರುಚಿ ಕೊಡುತ್ತದೆ, ಸ್ನಾಯು ಕಟ್ಟುವುದು ಕೆಳಗಿರುವ ಕಾಳು. ಅರ್ಧ ತಟ್ಟೆ ಸೊಪ್ಪು, ತರಕಾರಿ. ಮೊಟ್ಟೆ ತಿನ್ನುವವರಾದರೆ ಬೆಳಗ್ಗೆ ಎರಡು ತಿನ್ನಿ. ಇಲ್ಲವೆಂದರೆ ಗಟ್ಟಿ ಮೊಸರು.

ಗಾದಿ ಮೇಲೆ ಬೆಳಗಿನಿಂದ ಸಂಜೆವರೆಗೆ ಕೂರುತ್ತೀರಲ್ಲ, ಗಂಟೆಗೊಮ್ಮೆ ಎದ್ದು ನೀವೇ ಹೋಗಿ ಕಾಳಿನ ಮಾದರಿ ತನ್ನಿ. ಹುಡುಗನನ್ನು ಕಳಿಸಬೇಡಿ. ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ನನಗೆ ಬರೆಯಿರಿ. ನಿಮ್ಮ ಕಾಗದಕ್ಕೆ ಕಾಯುತ್ತಿರುತ್ತೇನೆ.

ಪ್ರಶ್ನೆ: ಹೆರಿಗೆಯಾಗಿ ಏಳು ತಿಂಗಳು. ಬಾಣಂತನದಲ್ಲಿ ತುಪ್ಪ, ಅಂಟಿನುಂಡೆ ತಿಂದು 12 ಕೆಜಿ ಹೆಚ್ಚಾಗಿದ್ದೇನೆ. ಮಗುವಿಗೆ ಎದೆಹಾಲೇ. ರಾತ್ರಿ ಊಟ ಬಿಡಲೇ?
– ಹರಿಹರದ ಓದುಗರು

ಉತ್ತರ: ಬೇಡ ತಾಯೀ. ಹಾಲು ಕುಡಿಸುವಾಗ ಉಪವಾಸ ಮಾಡಬಾರದು. ಹಾಲಿಗೇ ಮೈಯಿಂದ ದಿನಕ್ಕೆ 500ರ ಆಸುಪಾಸು ಕ್ಯಾಲೊರಿ ಹೋಗುತ್ತದೆ. ಅಂಟಿನುಂಡೆ ನಿಲ್ಲಿಸಿ, ತುಪ್ಪ ಒಂದು ಚಮಚಕ್ಕೆ ಇಳಿಸಿ, ಊಟ ಹೊಟ್ಟೆ ತುಂಬ ಮಾಡಿ. ಹಿಮೋಗ್ಲೋಬಿನ್ ನೋಡಿಸಿ, ಸುಸ್ತಿದ್ದರೆ ಅದಕ್ಕೆ ಕಾರಣ ತೂಕವೇ ಆಗಿರಬೇಕೆಂದಿಲ್ಲ. ಕೆಮ್ಮಿದಾಗ ಮೂತ್ರ ಸೋರುತ್ತಿದ್ದರೆ, ಏಳುವಾಗ ಹೊಟ್ಟೆಯ ನಡುವೆ ಏಣು ಎದ್ದಂತೆ ಕಂಡರೆ, ಹೊಟ್ಟೆ ಕರಗಿಸುವ ವ್ಯಾಯಾಮಕ್ಕೆ ಇಳಿಯುವ ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ. ನಾಚಿಕೆಪಟ್ಟು ಬಚ್ಚಿಡುವ ವಿಷಯವಲ್ಲ ಅದು. ನಿಮ್ಮ ಮನೆಯವರಿಗೂ ನನ್ನದೊಂದು ವಿನಂತಿ: ಸಂಜೆ ಅರ್ಧ ಗಂಟೆ ಮಗುವನ್ನು ಎತ್ತಿಕೊಳ್ಳಿ, ಆಕೆ ನಡೆದು ಬರಲಿ.

ಪ್ರಶ್ನೆ: ವಯಸ್ಸು 58. ದಿನಾ ಕೋಟೆ ಹತ್ತುತ್ತೇನೆ. ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಮೊಣಕಾಲು ನೋವು. ಬಿಡಬೇಕೇ?
– ಚಿತ್ರದುರ್ಗದ ಓದುಗರು

ಉತ್ತರ: ಇಳಿಯುವಾಗ ಮೈಭಾರವನ್ನೆಲ್ಲ ತೊಡೆಯ ಮುಂಭಾಗ ತಡೆದು ಹಿಡಿಯಬೇಕು, ಅದು ಸೋತರೆ ಭಾರ ಮೊಣಕಾಲ ಚಿಪ್ಪಿನ ಮೇಲೆ ಬೀಳುತ್ತದೆ. ಮೊಣಕಾಲು ಊದಿಲ್ಲ, ಸಿಕ್ಕಿಕೊಳ್ಳುತ್ತಿಲ್ಲ ಎಂದಾದರೆ ಪೂರ್ತಿ ಬಿಡುವುದು ಬೇಡ. ಒಂದು ತಿಂಗಳು ವಾರಕ್ಕೆ ಮೂರೇ ದಿನ ಹತ್ತಿ. ಉಳಿದ ದಿನ ಮನೆಯಲ್ಲಿ ಕುರ್ಚಿಯಿಂದ ಕೈಯೂರದೆ ಎದ್ದು, ನಿಧಾನವಾಗಿ ಕೂರುವುದನ್ನು ಹತ್ತು ಸಲ ಮಾಡಿ. ಇಳಿಯುವಾಗ ಕೈಯಲ್ಲೊಂದು ಕೋಲಿರಲಿ, ಹೆಜ್ಜೆ ಓರೆಯಾಗಿ ಇಡಿ. ಗೋಪಾಲಸ್ವಾಮಿ ಹೊಂಡದ ಹತ್ತಿರ ಐದು ನಿಮಿಷ ಕೂತು, ಆಮೇಲೆ ಇಳಿಯಲು ಹೊರಡಿ.